ಗಂಟೆ ಬಾರಿಸದ ಭಾನುವಾರ

ಎಲ್ಲರೂ ಆಕೆಯನ್ನು ಗಂಟೆಯಮ್ಮ ಎನ್ನುತ್ತಿದ್ದರು. ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸುತ್ತಿದ್ದಳು. ಗಂಟೆಯ ಕೆಲಸ ಮೊದಲು ಗಂಡನದಾಗಿತ್ತು. ಆತ ತೀರಿಕೊಂಡ ಮೇಲೆ ಹಗ್ಗ ಇವಳ ಕೈಗೆ ಬಂತು. ಅವನನ್ನು ಮಣ್ಣು ಮಾಡಿದ ದಿನ ಅವಳು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ. ಊಟದ ಹೊತ್ತಾಯಿತೆಂದು ಉಣ್ಣುತ್ತಿದ್ದಳು, ಪ್ರಾರ್ಥನೆಯ ಹೊತ್ತಾಯಿತೆಂದು ಮೊಣಕಾಲೂರುತ್ತಿದ್ದಳು. ಬಾಯಿ ತನ್ನ ಪಾಡಿಗೆ ಮಾತುಗಳನ್ನು ಹೇಳಿ ಮುಗಿಸುತ್ತಿತ್ತು.

"ದೇವರ ಮೇಲೆ ಕೋಪಾನಾ ಅತ್ತಿಗೆ?" ಎಂದು ನಾದಿನಿ ಒಮ್ಮೆ ಕೇಳಿದಳು.

"ಕೋಪಾನಾದ್ರೂ ಬಂದಿದ್ರೆ ಚೆನ್ನಾಗಿರ್ತಿತ್ತು ಕಣೇ."

ಆ ವರ್ಷ ಪಕ್ಕದ ದೇಶದಲ್ಲಿ ಯುದ್ಧ ಶುರುವಾಯಿತು. ಜನ ಗಡಿ ದಾಟಿ ಬಂದರು. ಸರ್ಕಾರ ಅವರನ್ನು ತಡೆಯಲಿಲ್ಲ. ಜಾಗವಿದ್ದವರು ಕೊಡಿ ಎಂದು ಕೇಳಿಕೊಂಡಿತು. ಹಸುಗೂಸು ಯೇಸುವನ್ನು ಎತ್ತಿಕೊಂಡು ತಾಯಿತಂದೆ ಪರದೇಶಕ್ಕೆ ಓಡಿದ ಕಥೆಯನ್ನು ಪಾಸ್ಟರ್ ಮನಮುಟ್ಟುವಂತೆ ಹೇಳಿದರು. ಸಭೆಯವರು ಕಣ್ಣೊರೆಸಿಕೊಂಡು ಚರ್ಚಿನ ಪಕ್ಕದ ಹಾಲ್ ಅನ್ನು ಅವರಿಗೆ ಬಿಟ್ಟುಕೊಟ್ಟರು. ಗಂಟೆಯಮ್ಮ ಆಸ್ಪತ್ರೆಯಲ್ಲಿ ಕೇಳಿ ಹಳೆಯ ಬೆಡ್‌ಶೀಟುಗಳನ್ನು ತಂದು, ಮಂಚಗಳಿಗೆ ಸುಕ್ಕಿಲ್ಲದಂತೆ ಹಾಸಿದಳು. ಎಂಥ ದೊಡ್ಡ ಮನಸ್ಸು ಎಂದರು ಜನ. ಅವಳ ಪಾಲಿಗೆ ಅದು ಇನ್ನೊಂದಿಷ್ಟು ಇಸ್ತ್ರಿ, ಅಷ್ಟೇ.

ಅವರೆಲ್ಲ ಬಂದ ಮೇಲಿನ ಮೊದಲ ಭಾನುವಾರ ಎಂದಿನಂತೆ ಹಗ್ಗ ಜಗ್ಗಿದಳು. ಹಾಲ್‌ನಿಂದ ಚೀರಾಟ ಕೇಳಿಸಿತು. ಹೋಗಿ ನೋಡಿದರೆ ಒಬ್ಬ ಮುದುಕಿ ಮೇಜಿನಡಿ ಮುದುಡಿ, ಕಿವಿ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದಳು. ಇಲ್ಲಿನ ಮಾತು ಮೊದಲೇ ಅಷ್ಟಿಷ್ಟು ಕಲಿತಿದ್ದ ಅವಳ ಸೊಸೆ ಹೇಳಿದಳು: "ನಮ್ಮೂರಲ್ಲಿ ಬಾಂಬ್ ಬರೋ ಮುಂಚೆ ಚರ್ಚಲ್ಲಿ ಗಂಟೆ ಹೊಡೀತಿದ್ರು ಅಕ್ಕ. ಅತ್ತೆಗೆ ಇದೂ ಅದೇ."

ಗಂಟೆಯಮ್ಮನಿಗೆ ಮರುಕ ಹುಟ್ಟಲಿಲ್ಲ. ಮೇಜಿನ ಪಕ್ಕ ನೆಲದ ಮೇಲೆ ಕೂತಳು.

ಮುಂದಿನ ಭಾನುವಾರ ಗಂಟೆ ಮೊಳಗಲಿಲ್ಲ. ಅವಳು ಬೀದಿಬೀದಿ ಸುತ್ತಿ, ಸಭೆಯವರ ಮನೆಬಾಗಿಲು ತಟ್ಟಿ, "ಆರಾಧನೆಗೆ ಹೊತ್ತಾಯ್ತು, ಬನ್ನಿ" ಎಂದು ಕರೆದಳು. ಬೆಂಚುಗಳು ಎಂದಿನಂತೆಯೇ ತುಂಬಿದವು. ಆರಾಧನೆ ಮುಗಿಯುತ್ತಲೇ ಸಭೆಯ ಹಿರಿಯ, ಮರದ ಸಾಮಾನಿನ ಅಂಗಡಿಯವನು, ಅವಳನ್ನು ಬಾಗಿಲಲ್ಲೇ ತಡೆದ.

"ಯಾರನ್ನ ಕೇಳಿ ಗಂಟೆ ನಿಲ್ಸಿದ್ದು?"

"ಯಾರನ್ನೂ ಕೇಳ್ಲಿಲ್ಲ ಅಣ್ಣ."

"ಜಾಗ ಕೊಟ್ವಿ, ಕಂಬಳಿ ಕೊಟ್ವಿ. ಈಗ ನಮ್ಮ ಗಂಟೇನೂ ಬಿಟ್ಟುಕೊಡ್ಬೇಕಾ? ಗಂಟೆ ಇಲ್ದೆ ಚರ್ಚಿಗೆ ಯಾರು ಬರ್ತಾರೆ?"

"ನೀವು ಬಂದ್ರಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಆ ನಗುವನ್ನು ಹಿರಿಯನಿಗೆ ಸಹಿಸಲಾಗಲಿಲ್ಲ. ಆ ಸಂಜೆಯೇ ಕಮಿಟಿ ಸೇರಿತು. ಪಾಸ್ಟರ್ ನೆಲ ನೋಡುತ್ತ, "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಮ್ಮ" ಎಂದರು. ಹಗ್ಗ ಹಿರಿಯನ ಅಳಿಯನ ಪಾಲಾಯಿತು. ಗೋಪುರದ ಬೀಗದ ಕೈ ಕೊಟ್ಟು ಮನೆಗೆ ನಡೆಯುವಾಗ, ಈಗ ನೋವಾಗಬೇಕು ಎಂದು ಅವಳು ಕಾದಳು. ಆಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಗಂಟೆಗೆ ಮುಂಚೆಯೇ ಹಾಲ್‌ಗೆ ಹೋಗಿ, ಮುದುಕಿಯ ಪಕ್ಕ ಕೂತು, ಎರಡೂ ಅಂಗೈಗಳಿಂದ ಅವಳ ಕಿವಿ ಒತ್ತಿ ಹಿಡಿಯುತ್ತಿದ್ದಳು. ಇಸ್ತ್ರಿ ಹಾಕಿ ಹಾಕಿ ದಡ್ಡುಗಟ್ಟಿದ ಅಂಗೈಗಳು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಮೊದಮೊದಲು ಮುದುಕಿ ಮೇಜಿನಡಿಗೇ ನುಗ್ಗುತ್ತಿದ್ದಳು, ಇವಳೂ ಹಿಂದೆಯೇ ತೂರಿಕೊಳ್ಳುತ್ತಿದ್ದಳು. ಬರಬರುತ್ತ ಮುದುಕಿ ಮಂಚದ ಮೇಲೇ ಕೂರತೊಡಗಿದಳು. ಕೊನೆಗೊಂದು ಭಾನುವಾರ ಗಂಟೆ ಇನ್ನೂ ಹೊಡೆಯುತ್ತಿರುವಾಗಲೇ, ಮುದುಕಿ ತನ್ನ ಕಿವಿಯ ಮೇಲಿದ್ದ ಇವಳ ಕೈಗಳನ್ನು ಕೆಳಗಿಳಿಸಿ ತನ್ನ ಮಡಿಲಲ್ಲಿ ಹಿಡಿದುಕೊಂಡಳು. ನಡುಕ ಪೂರ್ತಿ ಹೋಗಿರಲಿಲ್ಲ, ಆದರೂ ಹಿಡಿತ ಬಿಡಲಿಲ್ಲ.

ಮುದುಕಿಯ ಕೈ ಬೆಚ್ಚಗಿತ್ತು. ಗಂಟೆಯಮ್ಮನಿಗೆ ಅಷ್ಟು ಗೊತ್ತಾಯಿತು. ಅದಕ್ಕಿಂತ ಹೆಚ್ಚೇನೂ ಇಲ್ಲ.

ಆರಾಧನೆಗೆ ತಡವಾಗಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಸಭೆ ಹಾಡಲು ಎದ್ದಾಗ ತಾನೂ ಎದ್ದು ನಿಂತಳು. ಬಾಯಿ ಈ ಸಲ ತನ್ನ ಪಾಡಿಗೆ ಹಾಡಲಿಲ್ಲ.