ಬೆನ್ನ ಮೇಲಿನ ಹೆಸರು ಬಿಚ್ಚುವಾಕೆ

ಬೆಳಗಿನ ಐದೂವರೆ. ಈರಿ ಸರೋವರದ ಮಂಜು ಬೇಸ್‌ಬಾಲ್ ಮೈದಾನದ ಹುಲ್ಲಿನ ಮೇಲೆ ಇನ್ನೂ ಮಲಗಿದೆ. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಲುಡ್ಮಿಲಾ ಹ್ರಿಂಕೋ ಅಂಗಿಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಾರೆ. ಅದರ ಬೆನ್ನಿನಲ್ಲಿ ಟಲ್ಲಿ ಎಂಬ ಹೆಸರಿತ್ತು. ಈಗ ಅರ್ಧ ಉಳಿದಿದೆ.

ಹನ್ನೊಂದು ವರ್ಷ ಇಲ್ಲಿ ಚೆಂಡೆಸೆದ ಆಂಬ್ರೋಸ್ ಟಲ್ಲಿಯನ್ನು ನಿನ್ನೆ ಸಂಜೆ ಹೆರಾನ್ಸ್ ತಂಡ ಬೇರೆ ತಂಡಕ್ಕೆ ಕೊಟ್ಟಿದೆ. ಬದಲಿಗೆ ಬರುತ್ತಿರುವವನು ಪಾಸ್ಕಲ್ ರೆಂಟೆರಿಯಾ, ಬ್ಯಾಟುಗಾರ. ಕಳೆದ ಆರು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಮೂರೇ ರನ್. ನಮ್ಮದು ಸಣ್ಣ ಲೀಗು. ಹೋದವನ ಅಂಗಿಯನ್ನೇ ಬಂದವನು ತೊಡಬೇಕು. ಪಂದ್ಯ ಮಧ್ಯಾಹ್ನ ಒಂದಕ್ಕೆ.

"ಬ್ಲೇಡಾದ್ರೆ ಹತ್ತು ನಿಮಿಷ. ಆದ್ರೆ ಬಟ್ಟೆ ಸೀಳತ್ತೆ," ಎನ್ನುತ್ತಾರೆ ಲುಡ್ಮಿಲಾ. ಚರ್ಚಿನ ಬಾವುಟ ಹೊಲಿಯುತ್ತಿದ್ದ ತಾಯಿಯಿಂದ ಕಲಿತ ಕೈ. ವಯಸ್ಸು ಅರವತ್ತೇಳು, ಈ ಕೋಣೆಯಲ್ಲಿ ಇಪ್ಪತ್ತಾರು ವರ್ಷ. ಪ್ರತಿ ಪಂದ್ಯದ ಮರುದಿನ ಇಪ್ಪತ್ತೈದು ಷರಾಯಿಗಳ ಮಂಡಿಗೆ ತೇಪೆ. ವರ್ಷಕ್ಕೆ ಮೂವತ್ತು ಹೆಸರು ಬಿಚ್ಚುವುದು, ಮೂವತ್ತು ಹೊಲಿಯುವುದು. ಹೊಸಬರಿಗೆ ಒಂದೇ ಸಾಲು ಹೊಲಿಗೆ. ಬಿಚ್ಚಲು ಸುಲಭ. ಚಳಿಗೆ ಬೆರಳು ಮಡಚುವುದಿಲ್ಲ; ಆಗಾಗ ಚಹಾದ ಲೋಟ ಹಿಡಿದು ಕಾಯಿಸಿಕೊಳ್ಳುತ್ತಾರೆ.

ಏಳಕ್ಕೆ ಯಾರೋ ಕಿಟಕಿ ತಟ್ಟುತ್ತಾರೆ. ಗಾಜಿನ ಕಾರ್ಖಾನೆಯಿಂದ ನಿವೃತ್ತನಾದ ಓರ್ವಿಲ್, ಜೊತೆಗೆ ಅವನ ಅಕ್ಕ ಬರ್ನಿಸ್. ಓರ್ವಿಲ್‌ನ ಕೈಯಲ್ಲಿ ಅವನು ದುಡ್ಡು ಕೊಟ್ಟು ಕೊಂಡ ಟಲ್ಲಿ ಅಂಗಿ.

"ಕಿತ್ತುಬಿಡು ಲುಡೀ. ಬಿಟ್ಟು ಹೋದೋನ ಹೆಸರು ಹೊತ್ಕೊಂಡು ತಿರುಗೋಕಾಗಲ್ಲ."

"ಅವನೇನ್ ಮಾಡ್ದನೋ, ಪೆದ್ದಾ?" ಬರ್ನಿಸ್ ರೇಗುತ್ತಾಳೆ. "ನಮ್ಮೋರ ಬ್ಯಾಟಿಗೆ ನೊಣಾನೂ ಹೆದರಲ್ಲ. ಎಸೆಯೋನೊಬ್ಬ ಏನ್ ಮಾಡಿಯಾನು?"

"ಅದಕ್ಕೆ ಇವನನ್ನೇ ಕೊಡೋದಾ? ಆವತ್ತು ಕ್ಯಾಚರ್‌ನ ಕೊಟ್ಟು ಹುಲ್ಲು ಕತ್ತರಿಸೋ ಯಂತ್ರ ತಂದೋರಲ್ವಾ ಇವರು!"

"ಅದೊಂದೇ ಕಣೋ ಲಾಭದ ಅದಲುಬದಲು. ಯಂತ್ರ ಇವತ್ತಿಗೂ ಓಡ್ತಿದೆ. ನಮ್ಮೋರು ಓಡಲ್ಲ."

ಲುಡ್ಮಿಲಾ ನಗುತ್ತಾ ಅಂಗಿ ಮಡಚಿ ಕಪಾಟಿನಲ್ಲಿಡುತ್ತಾರೆ. "ಒಂದು ವಾರ ಇರ್ಲಿ. ಆಮೇಲೂ ಬೇಡ ಅಂದ್ರೆ ಬಿಚ್ತೀನಿ." ಅಭಿಮಾನಿಗಳ ಅಂಗಿಗೆ ಅವರದು ಇದೇ ನಿಯಮ. ಇಷ್ಟು ವರ್ಷಗಳಲ್ಲಿ ವಾರದ ನಂತರವೂ ಬಿಚ್ಚಿಸಿಕೊಂಡವರು ನಾಲ್ಕೇ ಮಂದಿ.

ತೊಡೆಯ ಮೇಲಿನ ಅಂಗಿಗೆ ಮಾತ್ರ ಆ ವಾರ ಸಿಕ್ಕಿಲ್ಲ.

"ಒಂದೇ ಒಂದು ಅಂಗಿ ಹೆಸರಿನ ಸಮೇತ ಸವೆದು ಹರೀಲಿ ಅಂತ ಆಸೆ," ದಾರದ ತುಣುಕುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಾ ಹೇಳುತ್ತಾರೆ. "ಇದೇ ಅದು ಅಂದ್ಕೊಂಡಿದ್ದೆ."

ಮಂಜು ಕರಗುತ್ತದೆ. ನೆಲಮಟ್ಟದ ಕಿಟಕಿಯಿಂದ ಬಿಸಿಲು ಬಂದು ಅಂಗಿಯ ಖಾಲಿ ಬೆನ್ನಿನ ಮೇಲೆ ಬೀಳುತ್ತದೆ. ಹಳೆಯ ಸೂಜಿತೂತುಗಳು ಟಲ್ಲಿಯ ಹೆಸರನ್ನು ಇನ್ನೂ ಹೇಳುತ್ತಿವೆ.

ಹನ್ನೆರಡೂವರೆಗೆ ರೆಂಟೆರಿಯಾ ಬರುತ್ತಾನೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ನಿದ್ದೆಗೆಟ್ಟ ಕಣ್ಣು. ಅಂಗಿಯ ಬೆನ್ನಿಗೆ ಹೊಲಿದ ತನ್ನ ಹೆಸರಿನ ಸುತ್ತ ಬೆರಳಾಡಿಸುತ್ತಾನೆ.

"ಈ ತೂತು ಹೋಗಲ್ವಾ, ಅಮ್ಮಾ?"

"ಇಲ್ಲಪ್ಪ. ಇರ್ತವೆ."

"ಹೊಲಿಗೆ ದಪ್ಪ ಇದೆಯಲ್ಲ?"

"ನಿಂಗೆ ಎರಡು ಸಾಲು ಹಾಕಿದೀನಿ," ಎನ್ನುತ್ತಾರೆ ಲುಡ್ಮಿಲಾ. "ಬಿಚ್ಚೋಕೆ ನಂಗೇ ಕಷ್ಟ ಆಗ್ಲಿ ಅಂತ."