ಅವ್ವನ ದಿಂಬಿಗೆ ಅಜ್ಜಿ ಇಟ್ಟ ಕಾವಲು

"ನಿಲ್ಲಸ್ರೀ!" ಅಂತ ನಮ್ಮಜ್ಜಿ ಒದರಿದ್ದು ಹಿಪ್ಪರಗಿ ಬ್ಯಾರೇಜಿನ ತನಕಾ ಕೇಳಿರಬೇಕು.

ಜಮಖಂಡಿ ದವಾಖಾನ್ಯಾಗ ನಮ್ಮವ್ವನ್ನ ಮಲಗಿಸಿದ್ದ ತಳ್ಳುಗಾಡಿ ಎಂಆರ್‌ಐ ಕೋಲಿ ಬಾಗಿಲಕ್ಕ ಬಂದಿತ್ತು. "ಒಳಗ ದೊಡ್ಡ ಅಯಸ್ಕಾಂತ ಐತ್ರಿ, ಕಬ್ಬಿಣ ಇದ್ರ ಗುಂಡಿನಂಗ ಹಾರತೈತಿ," ಅಂತ ಮಷಿನ್ ನಡಸಾವ ಆಗಷ್ಟ ಹೇಳಿದ್ದ. ನಾನು ಬೆಲ್ಟು, ಕೀಲಿ ಬಿಚ್ಚಿಟ್ಟು "ಹಲ್ಲೂ ಬಿಚ್ಚಲೇನ್ರಿ?" ಅಂದಿದ್ದೆ. ಎದಿ ಮಾತ್ರ ಕಬ್ಬಿನ ಟ್ರ್ಯಾಕ್ಟರ್ ಹಂಗ ಬಡಕೋತಿತ್ತು.

ಅಜ್ಜಿ ಅವ್ವನ ದಿಂಬಿನ ಬುಡಕಿಂದ ಅಡಕಿ ಕತ್ತರಸೋ ಕಬ್ಬಿಣದ ಅಡಕೊತ್ತು ತಗದ್ಲು. ದೆವ್ವದ ಗಾಳಿ ಸೋಕಬಾರದಂತ ಬ್ಯಾನಿ ಬಿದ್ದವರ ತಲಿಬುಡಕ ಅದನ್ನ ಇಡೂದು ಆಕಿ ರೂಢಿ. "ಕಾಯಲಿ ಅಂತ ಇಟ್ಟಿದ್ನೋ ತಮ್ಮಾ," ಅಂತ ಅತ್ತಳು.

ಅವ್ವ ಈಗ ಆರಾಮ ಅದಾಳ. ಅಡಕೊತ್ತಿಂದು ಮಾತು ಬಂದ್ರ ನಾನ ಎಲ್ಲಾರಿಗಿಂತ ಜೋರ ನಗತೇನಿ. ಆದ್ರ ಅದು ಕಟಕ್ ಅಂದಾಗೆಲ್ಲಾ, ಅವ್ವ ಎಲ್ಲದಾಳಂತ ಮೊದಲ ತಿರುಗಿ ನೋಡತೇನಿ.