ದೋಣಿಯ ಗಿಸ್ಲಾ ಮತ್ತು ಬಲಗೈಯ ಗವಸುಗಳು

ನಮ್ಮ ವಾಲ್‌ಗ್ರಾವ ಸೀಮೆಯ ದೊರೆಗಳ ವಂಶಾವಳಿ ಬೇಕಾದವರು ಕೋಟೆಗೆ ಹೋಗಿ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ನನ್ನ ಅತ್ತೆಯ ಅಡುಗೆಮನೆಗೆ ಬಂದರೆ ಸಾಕಿತ್ತು. ಒಲೆಯ ಮೇಲಿನ ತೊಲೆಗೆ ಸಾಲಾಗಿ ಮೊಳೆ ಹೊಡೆದು, ಒಂದೊಂದಕ್ಕೂ ಒಬ್ಬೊಬ್ಬ ದೊರೆಯ ಕೈಗವಸನ್ನು ನೇತುಹಾಕಿದ್ದಳು. ಪಕ್ಕದಲ್ಲೇ ಬೆಳ್ಳುಳ್ಳಿಯ ಗೊಂಚಲು, ಉಪ್ಪು ಹಾಕಿದ ಹಂದಿಯ ತೊಡೆ. ಎಲ್ಲಕ್ಕೂ ಒಂದೇ ಹೊಗೆ ಹಿಡಿದು, ಗವಸು ಯಾವುದು ಮಾಂಸ ಯಾವುದು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಚಾಕು ಹಿಡಿದು ಹೋಗಿ ತಪ್ಪು ಮೊಳೆಗೆ ಕೈಹಾಕಿದ್ದೆ.

"ಅಳಿಯಂದ್ರೇ, ಅದು ದಪ್ಪ ಗಾಲ್ಸೆರಾನ್ ದೊರೆ," ಅಂದಳು ಗಿಸ್ಲತ್ತೆ. "ಎಷ್ಟು ಬೇಯಿಸಿದ್ರೂ ಬೇಯಲ್ಲ, ಬಿಡಿ."

ಅವಳು ನೆರ್ಬಾ ಹೊಳೆಯ ಅಂಬಿಗಿತ್ತಿ. ನಾನು ಪೋನ್ಸ್, ದ್ರಾಕ್ಷಾರಸದ ಪೀಪಾಯಿ ಮಾಡುವವನು, ಅವಳ ಒಬ್ಬಳೇ ಮಗಳು ಅದಲೈಸಳ ಗಂಡ. ಊರು ಹೊಳೆಯ ಈ ದಡದಲ್ಲಿದೆ. ಕೋಟೆ, ಚರ್ಚು, ಸ್ಮಶಾನ ಮೂರೂ ಆ ದಡದಲ್ಲಿವೆ. ಹಾಗಾಗಿ ಹೊಸ ದೊರೆ ಪಟ್ಟಕ್ಕೆ ಬರುವಾಗ ಕತ್ತಿ ಬಿಚ್ಚಿಟ್ಟು, ಒಬ್ಬನೇ, ನಮ್ಮ ದಡದಲ್ಲಿ ದೋಣಿ ಹತ್ತಬೇಕು. ನಡುಹೊಳೆಯಲ್ಲಿ ಅಂಬಿಗರು ಗಳ ನೆಟ್ಟು ದೋಣಿ ನಿಲ್ಲಿಸಿ, "ಆ ಕಾಡು ಯಾರದು?" ಎಂದು ಕೇಳಬೇಕು. ದೊರೆ, "ಮರ ನನ್ನದು, ಉದುರಿದ್ದು ನಿಮ್ಮದು" ಎನ್ನಬೇಕು. ಎನ್ನುವ ತನಕ ದೋಣಿ ಅಲುಗುವುದಿಲ್ಲ. ಅಂದಮೇಲೆ ಆ ದಡ ಮುಟ್ಟಿಸಿದರೆ, ದೊರೆ ತನ್ನ ಬಲಗೈಯ ಗವಸು ಕಳಚಿ ಅಂಬಿಗರಿಗೆ ಕೊಟ್ಟು ಇಳಿಯುತ್ತಾನೆ. ಇದೇನು ಆಟವಲ್ಲ. ಕೋಟೆಯ ಹಿಂದಿನ ಕಾಡಿನಲ್ಲಿ ಉದುರುವ ಓಕ್ ಕಾಯಿ ತಿಂದೇ ನಮ್ಮ ಹಂದಿಗಳು ಕೊಬ್ಬುವುದು, ಆ ಹಂದಿಗಳನ್ನು ತಿಂದೇ ಹಿಮ ಕರಗುವ ತನಕ ನಾವು ಜೀವ ಹಿಡಿಯುವುದು.

ಗಾಲ್ಸೆರಾನ್ ಬಂದಾಗ ಗಿಸ್ಲಾಗೆ ಇನ್ನೂ ಮದುವೆಯಾಗಿರಲಿಲ್ಲ. ಅವಳಪ್ಪ ಸೊಂಟ ಹಿಡಿದು ಮಲಗಿದ್ದ, ಗಳ ಮಗಳ ಕೈಗೆ ಬಂತು. ದೊರೆಯ ಭಾರಕ್ಕೆ ದೋಣಿಯ ಅಂಚು ನೀರು ಮುಟ್ಟಿತ್ತಂತೆ. ನಡುಹೊಳೆಯಲ್ಲಿ ಅವನು ಕಣ್ಣು ಮುಚ್ಚಿ, ತನ್ನ ತಾಯಿಯನ್ನು ಕರೆದು, ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತನಂತೆ. "ಮರವೂ ನಿಮ್ಮದೇ, ನನ್ನನ್ನ ದಡ ಸೇರಿಸು ತಾಯಿ!" ಎಂದಿದ್ದನಂತೆ. ಈ ಕತೆಯನ್ನು ಅತ್ತೆ ಒಲೆಯ ಮುಂದೆ ಕುಳಿತು, ಆ ಅಳುವನ್ನೂ ಮಾಡಿ ತೋರಿಸುತ್ತ ಹೇಳಿದರೆ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವನ ಮಗ ದಲ್ಮೌ ಜಿಪುಣ. ಆ ಒಂದು ಮಾತು ಬಾಯಿಂದ ಬೀಳಿಸಲು ಬೆಳಗಿನ ಪೂಜೆಯ ಗಂಟೆಯಿಂದ ಮಧ್ಯಾಹ್ನದ ಗಂಟೆಯ ತನಕ ದೋಣಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅತ್ತೆ ಎದುರು ಕೂತು ಕಾಲುಚೀಲ ಹೆಣೆದಳು. ದಲ್ಮೌ ಮಕ್ಕಳಿಲ್ಲದೆ ಸತ್ತನೆಂದು ಅವನ ತಮ್ಮ ಉದಲಾರ್‌ನನ್ನು ಮಠದಿಂದ ಎಬ್ಬಿಸಿಕೊಂಡು ಬಂದರು. ಅತ್ತೆ ಕೇಳುವ ಮೊದಲೇ ಅವನು ಹೇಳಿಬಿಟ್ಟ, ಆಮೇಲೆ ದೋಣಿಯಲ್ಲೇ ಪ್ರಾರ್ಥನೆಗೆ ಕೂತ.

ಹೀಗೆ ಸಿಕ್ಕ ಗವಸುಗಳಿಂದ ಅತ್ತೆಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಅವಳು ಎಡಚಿ. ಕುದಿಯುವ ಮಡಕೆ ಇಳಿಸುವಾಗೆಲ್ಲ ಎಡಗೈ ಬೆರಳು ಸುಟ್ಟುಕೊಂಡು ತೊಲೆಯ ಕಡೆ ಕಣ್ಣು ಬಿಡುತ್ತಿದ್ದಳು. "ಅಪ್ಪ, ಮಗ, ತಮ್ಮ, ಇಷ್ಟು ಜನದಲ್ಲಿ ಒಬ್ಬನಿಗಾದ್ರೂ ಎಡಗೈದು ಕೊಡೋ ಬುದ್ಧಿ ಬಂತಾ? ದೊರೆಗಳಂತೆ!"

ಸನ್ಯಾಸಿ ಉದಲಾರ್ ಒಳ್ಳೆಯವನೇ, ಆದರೆ ಸಾಯುವ ಮುಂಚೆ ಒಂದು ಕೆಲಸ ಮಾಡಿದ. ಊರ ಮೇಲುಗಡೆ, ಹೊಳೆ ಕಿರಿದಾಗುವಲ್ಲಿ, ಕಲ್ಲಿನ ಸೇತುವೆ ಕಟ್ಟಿಸಿದ. ನನಗೆ ಖುಷಿಯೋ ಖುಷಿ. ಗಾಡಿ ತುಂಬ ಪೀಪಾಯಿ ಹೇರಿಕೊಂಡು ನೇರ ಕೋಟೆಯ ನೆಲಮಾಳಿಗೆಗೇ ಹೋಗಬಹುದಲ್ಲ! ಅತ್ತೆ ಮಾತ್ರ ಆ ಸೇತುವೆಯ ಮೇಲೆ ಕಾಲಿಡಲಿಲ್ಲ.

"ಕಾಲ ಬದಲಾಯ್ತು ಅತ್ತೆ, ಆ ದೋಣಿ ಒಡೆದು ಒಲೆಗೆ ಹಾಕಿ," ಅಂತ ಛೇಡಿಸುತ್ತಿದ್ದೆ.

"ಹಾಕ್ತೀನಿ. ಮೊದಲು ನಿಮ್ಮನ್ನ ಹಾಕಿ, ಆಮೇಲೆ ದೋಣಿ."

ಉದಲಾರ್ ತೀರಿಕೊಂಡ. ಸನ್ಯಾಸಿಗೆ ಮಕ್ಕಳೆಲ್ಲಿಂದ? ಬೆಟ್ಟದಾಚೆ ಮದುವೆ ಮಾಡಿಕೊಟ್ಟಿದ್ದ ಅವನ ತಂಗಿಯ ಮಗ ಜಸ್ಪೆರ್ಟ್‌ಗೆ ಪಟ್ಟ ಎಂದಾಯಿತು. ಕೋಟೆಯ ಪಾರುಪತ್ಯಗಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದ: ದೊರೆ ಸೇತುವೆಯ ಮೇಲೆ ಕುದುರೆ ಏರಿ ಬರುತ್ತಾರೆ, ದೋಣಿ ಬೇಕಾಗಿಲ್ಲ. ದೋಣಿಯಿಲ್ಲ ಎಂದಮೇಲೆ ದೋಣಿಯ ಮಾತೂ ಇಲ್ಲ. ಈ ಸಲದಿಂದ ಉದುರಿದ್ದೂ ದೊರೆಯದೇ.

ಆಗಲೇ ಓಕ್ ಕಾಯಿ ಕಂದು ತಿರುಗಿತ್ತು. ಹಂದಿಗಳು ಕೊಟ್ಟಿಗೆಯಲ್ಲಿ ಬಡಕಲಾಗಿ ಗುರುಗುಟ್ಟುತ್ತಿದ್ದವು. ಊರಿನ ಹೆಂಗಸರು ನಮ್ಮ ಬಾಗಿಲಿಗೆ ಬಂದು ನಿಂತರು. ನಾನೂ ಛೇಡಿಸುವುದನ್ನು ಬಿಟ್ಟೆ.

ಗಿಸ್ಲತ್ತೆ ರೊಟ್ಟಿಯ ಮೇಲೆ ಬೆಳ್ಳುಳ್ಳಿ ಉಜ್ಜುತ್ತ ತಲೆಯೆತ್ತಿದಳು. "ಅಳಿಯಂದ್ರೇ, ಸೇತುವೆ ಮೇಲೆ ನಿಮ್ಮ ಪೀಪಾಯಿ ಗಾಡಿ ಚೆನ್ನಾಗಿ ಹೋಗುತ್ತೆ ಅಂತಿದ್ರಲ್ಲ?"

"ಹೋಗುತ್ತೆ."

"ಹಾಗಾದ್ರೆ ದೋಣೀನೂ ಹೋಗುತ್ತೆ."

ದೊರೆ ಬರುವ ಬೆಳಿಗ್ಗೆ ನನ್ನ ಎತ್ತಿನ ಗಾಡಿಯ ಮೇಲೆ ದೋಣಿ ಹೇರಿ, ಸೇತುವೆಯ ಸರಿಯಾದ ನಡುಮಧ್ಯದಲ್ಲಿ ಅಡ್ಡಲಾಗಿ ಇಳಿಸಿದೆವು. ಈಚೆಗೊಂದು ಕೋಳಿ ದಾಟುವಷ್ಟು ಜಾಗ, ಆಚೆಗೊಂದು. ಅತ್ತೆ ಒಳಗೆ ಕೂತು, ಗಳವನ್ನು ಮಡಿಲ ಮೇಲಿಟ್ಟುಕೊಂಡು, ಸುಟ್ಟ ಚೆಸ್ಟ್‌ನಟ್ ಕಾಯಿ ಸುಲಿಯತೊಡಗಿದಳು.

ಜಸ್ಪೆರ್ಟ್ ದೊರೆ ಬಂದ. ಉದ್ದ ಮೂಗಿನ ಹುಡುಗ, ಚಳಿಗೆ ಆ ಮೂಗು ಕೆಂಪಗಾಗಿತ್ತು. ದೋಣಿ ನೋಡಿ ಕುದುರೆ ಬೆದರಿ ನಿಂತಿತು. ಪಾರುಪತ್ಯಗಾರ ಕೂಗಾಡಿದ. "ಏಯ್ ಮುದುಕಿ! ತೆಗಿ ಅದನ್ನ! ಸೇತುವೆ ಮೇಲೆ ಯಾವ ಊರಿನ ದೋಣಿ?"

"ನಮ್ಮೂರಿಂದು," ಅಂದಳು ಅತ್ತೆ. "ನೀವು ಸುಮ್ನಿರಿ ಸ್ವಾಮಿ, ನಾನು ದೊರೆಗಳ ಹತ್ರ ಮಾತಾಡ್ಬೇಕು."

"ಹೊಳೆ ಎಲ್ಲಮ್ಮಾ?" ಎಂದು ದೊರೆಯೇ ಕೇಳಿದ. ದನಿಯಲ್ಲಿ ಕೋಪವಿತ್ತೋ ಕುತೂಹಲವಿತ್ತೋ, ನನಗೆ ತಿಳಿಯಲಿಲ್ಲ.

"ಕೆಳಗೈತೆ ದೊರೆಗಳೇ. ಬಗ್ಗಿ ನೋಡಿ. ನಡು ಅಂದ್ರೆ ನಡು, ಮೇಲಿದ್ರೇನು ಕೆಳಗಿದ್ರೇನು."

ಅವನು ನಿಜಕ್ಕೂ ಬಗ್ಗಿ ನೋಡಿದ. "ನಾನು ಹತ್ತದೇ ಹೋದ್ರೆ?"

"ನಾನು ಹೀಗೇ ಕೂತಿರ್ತೀನಿ. ನಿಮ್ಮ ದಲ್ಮೌ ಮಾವ ಕೂತಾಗ ಒಂದು ಜೊತೆ ಕಾಲುಚೀಲ ಮುಗಿದಿತ್ತು."

ದೊರೆ ಹಿಂದಿರುಗಿ ಹೋಗೋಣವೆಂದು ತಿರುಗಿದರೆ ಹಿಂದೆ ಕುರಿಗಳು. ಚಳಿಗಾಲಕ್ಕೆ ಮೇಲಿನ ಬೆಟ್ಟದಿಂದ ಇಳಿಯುವ ಮಂದೆ ಎಲ್ಲ ಬಿಟ್ಟು ಅದೇ ಹೊತ್ತಿಗೆ ಸೇತುವೆಗೆ ನುಗ್ಗಿತ್ತು. ಕುರುಬರು ದೂರದಿಂದಲೇ ಟೋಪಿ ತೆಗೆದು ನಮಸ್ಕರಿಸಿದರು, ಮುಂದೆ ಮಾತ್ರ ಬರಲಿಲ್ಲ. ಇದು ಯಾರ ಕೆಲಸ ಎಂದು ನಾನು ಅತ್ತೆಯನ್ನು ಕೊನೆಯ ತನಕ ಕೇಳಿದೆ, ಅವಳು ಹೇಳಲಿಲ್ಲ. ಕುದುರೆಗಳ ಕಾಲ ಸಂದಿಯಲ್ಲೆಲ್ಲ ಕುರಿ. ಪಾರುಪತ್ಯಗಾರನ ಅಂಗಿಯ ತುದಿಯನ್ನು ಒಂದು ಟಗರು ಅಗಿಯತೊಡಗಿತು. ನಗು ತಡೆಯಲು ನಾನು ಎತ್ತಿನ ಹಿಂದೆ ಅಡಗಿಕೊಂಡೆ.

ದೊರೆ ನಗಲಿಲ್ಲ. ಕುದುರೆಯಿಂದಿಳಿದು ದೋಣಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆಯೇ ಕೇಳಿದ. "ನಮ್ಮ ತಾತನ್ನ ದಾಟಿಸಿದ್ದು ನೀವೇ ಅಂತೆ. ಅವರು ದೋಣೀಲಿ ಹೆದರಿ ಅತ್ರು ಅಂತ ಬೆಟ್ಟದಾಚೆಗೂ ಸುದ್ದಿ. ಚಿಕ್ಕವನಿದ್ದಾಗ ಜೊತೆಗಾರರೆಲ್ಲ ನನ್ನನ್ನ ಅದನ್ನೇ ಹೇಳಿ ಆಡಿಕೊಳ್ತಿದ್ರು. ನಿಜವೇನು?"

ಆ ಕತೆ ಬೆಟ್ಟ ದಾಟಿದ್ದೇ ಅತ್ತೆಯ ಒಲೆಯಿಂದ. ಇಲ್ಲೇ ನಮ್ಮ ಹಂದಿಗಳ ಕತೆ ಮುಗಿಯಿತು ಅಂದುಕೊಂಡೆ.

ಗಿಸ್ಲತ್ತೆ ಚೆಸ್ಟ್‌ನಟ್ ಸಿಪ್ಪೆ ಕೊಡವಿಕೊಂಡು ಆ ಹುಡುಗನ ಮುಖವನ್ನೇ ನೋಡಿದಳು. "ಯಾರು ಹೇಳಿದ್ದು? ಅವತ್ತು ಗಾಳಿ ಇತ್ತು ದೊರೆಗಳೇ. ನಿಮ್ಮ ತಾತನ ಮುಖಕ್ಕೆ ಹೊಳೆ ನೀರು ಹಾರಿತ್ತು, ಅಷ್ಟೇ."

ದೊರೆ ಅವಳನ್ನು ನೋಡಿದ. ಅದು ಸುಳ್ಳೆಂದು ಅವನಿಗೆ ಗೊತ್ತಾಯಿತು, ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಅವನು ಕತ್ತಿಯನ್ನು ಬಿಚ್ಚಿ, ಟಗರಿನೊಡನೆ ಜಗ್ಗಾಡುತ್ತಿದ್ದ ಪಾರುಪತ್ಯಗಾರನ ಕೈಗೆ ಕೊಟ್ಟು, ದೋಣಿ ಹತ್ತಿ ಅವಳೆದುರು ಕೂತ.

ಅತ್ತೆ ಗಳವನ್ನು ಸೇತುವೆಯ ಕಲ್ಲಿಗೆ ಠಣ್ಣೆಂದು ಊರಿದಳು. "ಆ ಕಾಡು ಯಾರದು?"

"ಮರ ನನ್ನದು," ಎಂದ ಜಸ್ಪೆರ್ಟ್, ಎದ್ದು ನಿಂತು, ಜೋರಾಗಿ. "ಉದುರಿದ್ದು ನಿಮ್ಮದು."

ಊರೆಲ್ಲ ಹೋ ಎಂದಿತು. ಆದರೆ ಅಂಬಿಗಿತ್ತಿ ಆ ದಡ ಮುಟ್ಟಿಸದೆ ಪದ್ಧತಿ ಮುಗಿಯುವುದಿಲ್ಲವಲ್ಲ! ಗಂಡಸರು, ಕುರುಬರು, ಕೊನೆಗೆ ದೊರೆಯ ಸವಾರರೂ ಹೆಗಲು ಕೊಟ್ಟು, ಇಬ್ಬರನ್ನೂ ಕೂರಿಸಿಕೊಂಡೇ ದೋಣಿ ಎತ್ತಿದೆವು. ಅತ್ತೆ ಮೇಲಿಂದ ನನ್ನ ತಲೆಗೆ ಗಳದಿಂದ ತಟ್ಟುತ್ತ, "ಎಡಕ್ಕೆ ಅಳಿಯಂದ್ರೇ, ಎಡಕ್ಕೆ!" ಎಂದು ದಾರಿಯುದ್ದಕ್ಕೂ ನಡೆಸಿದಳು.

ಇಳಿಯುವಾಗ ದೊರೆ ಬಲಗೈ ಗವಸು ಕೊಟ್ಟ. "ಇದೂ ಬಲಗೈದೇ," ಎಂದು ಅತ್ತೆ ಗೊಣಗಿದಳು.

"ಏನಂದ್ರಿ?"

"ಅಮ್ಮ ಎಡಚಿ, ದೊರೆಗಳೇ," ಎಂದು ಅದಲೈಸ್ ಗುಟ್ಟು ಬಿಟ್ಟುಕೊಟ್ಟಳು. ಆಗ ಅವನು ನಕ್ಕ. ಮರುದಿನ ಊರ ಹಂದಿಗಳು ಕಾಡಿಗೆ ನುಗ್ಗಿದವು, ಎಲ್ಲಕ್ಕೂ ಮುಂದೆ ನಮ್ಮ ಮುದಿ ಹೆಣ್ಣುಹಂದಿ.

ಬಹಳ ವರ್ಷಗಳಾದ ಮೇಲೆ ಒಂದು ವಸಂತದಲ್ಲಿ ಗಿಸ್ಲತ್ತೆ ತೀರಿಕೊಂಡಳು. ಅವಳನ್ನು ಸೇತುವೆಯ ಮೇಲೆ ಆ ದಡದ ಸ್ಮಶಾನಕ್ಕೆ ಸಾಗಿಸುವ ಧೈರ್ಯ ನಮಗಾರಿಗೂ ಇರಲಿಲ್ಲ. ದೋಣಿಗೆ ಹೊಸ ಹಲಗೆ ಬಡಿದೆ. ಇಷ್ಟು ವರ್ಷ ಗಳ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದ ಅದಲೈಸ್ ಅದನ್ನು ಕೈಗೆತ್ತಿಕೊಂಡಳು. ನಮ್ಮ ದಡದಲ್ಲಿ ಜಸ್ಪೆರ್ಟ್ ದೊರೆ ಕತ್ತಿಯಿಲ್ಲದೆ ಒಬ್ಬನೇ ನಿಂತಿದ್ದ. ತಲೆ ನರೆತಿತ್ತು. "ನನಗೂ ಜಾಗ ಇದೆಯೇನಮ್ಮ?" ಎಂದು ಕೇಳಿ ಹತ್ತಿದ.

ನಡುಹೊಳೆಯಲ್ಲಿ ಅದಲೈಸ್ ಗಳ ನೆಟ್ಟಳು. ಕೇಳಬೇಕಾದ್ದನ್ನು ಕೇಳದೆ ಅಮ್ಮನ ಹೊದಿಕೆ ಸರಿಮಾಡಿದಳು. ದೊರೆಯೇ ಮಲಗಿದ್ದವಳ ಕಡೆ ಬಗ್ಗಿ ಮೆಲ್ಲಗೆ ಹೇಳಿದ, "ಮರ ನನ್ನದು, ಉದುರಿದ್ದು ನಿಮ್ಮದು." ಆಮೇಲೆ ಸೊಂಟದಿಂದ ಒಂದು ಗವಸು ತೆಗೆದ. ಹಳೆಯದು, ಬಣ್ಣ ಮಾಸಿದ್ದು. ಒಲೆಯ ಮೇಲೆ ತೂಗುತ್ತಿದ್ದ ಅವನ ಗವಸಿನ ಜೋಡಿ ಅದು. ಅದನ್ನು ಅವಳ ಎಡಗೈಗೆ, ಸುಟ್ಟ ಕಲೆಗಳಿದ್ದ ಆ ಬೆರಳುಗಳಿಗೆ, ಒಂದೊಂದಾಗಿ ತೊಡಿಸಿದ.

"ತಡವಾಯ್ತು ತಾಯಿ," ಎಂದ.

ದೋಣಿಯ ಮೂಲೆಯಲ್ಲಿದ್ದ ನಾನು ಮುಖ ಮುಚ್ಚಿಕೊಂಡೆ. ಅಳಿಯ ಬಿಕ್ಕಿಬಿಕ್ಕಿ ಅತ್ತ ಎಂದು ಊರಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಅವತ್ತು ಗಾಳಿ ಇತ್ತು. ಮುಖಕ್ಕೆ ಹೊಳೆ ನೀರು ಹಾರಿತ್ತು, ಅಷ್ಟೇ.